ಉಪಾಧ್ಯೇರ ನೀರು ಸೋಸುವ ಬಟ್ಟೆ

ಹೋದ ವಾರ ಮೊದಲ ಮಳೆ ಬಿದ್ದ ಮರುದಿನ ಖಾನಾಪುರದ ನಮ್ಮ ಮನೆಯ ನಲ್ಲಿಯಲ್ಲಿ ಕೆಂಪು ನೀರು ಬಂತು. ಹೆಂಡತಿ ನನ್ನ ಹಳೆಯ ಬಿಳಿ ಪಂಚೆಯೊಂದನ್ನು ಹರಿದು, ನಾಲ್ಕು ಮಡಿಕೆ ಮಾಡಿ, ನಲ್ಲಿಯ ಬಾಯಿಗೆ ದಾರದಿಂದ ಕಟ್ಟಿದಳು. ಎಲ್ಲರ ಮನೆಯಲ್ಲೂ ಮಾಡುವ ಕೆಲಸವೇ. ಮುಖ ತೊಳೆಯಲು ಹೋದ ನಾನು ಅದನ್ನು ಕಂಡವನೇ ಒಂದೇ ಎಳೆತಕ್ಕೆ ಕಿತ್ತು ಒಗೆದೆ.

"ಒಂದು ತುಂಡು ಅರಬಿ ಮ್ಯಾಲ ಏನ್ ಸಿಟ್ರಿ ನಿಮ್ಮದು?" ಅಂದಳು ಹೆಂಡತಿ.

ಸಿಟ್ಟಲ್ಲ, ಹೊಟ್ಟೆಕಿಚ್ಚು. ಇಪ್ಪತ್ತು ವರ್ಷ ದಾಟಿತು. ಯಾರ ಮೇಲೆ ಆ ಕಿಚ್ಚೋ ಅವರು ತೀರಿಕೊಂಡು ತಿಂಗಳಾಯಿತು... ಆದರೂ ಒದ್ದೆ ಬಿಳಿ ಬಟ್ಟೆಯಿಂದ ನೀರು ತೊಟ್ಟಿಕ್ಕುವುದನ್ನು ಕಂಡರೆ ಅದು ಈಗಲೂ ಹೊತ್ತಿಕೊಳ್ಳುತ್ತದೆ. ನಾನು ಚರ್ಚಿನ ಸಭಾಪಾಲಕ, ಪಾಸ್ಟರ್. ಪರರನ್ನು ಕಂಡು ಕರುಬಬೇಡಿರಿ ಎಂದು ಭಾನುವಾರ ಭಾನುವಾರ ಜನಕ್ಕೆ ಹೇಳುವುದು ನನ್ನ ಕೆಲಸ. ಹೇಳುವಾಗಲೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವರು ಅವರೇ, ಉಪಾಧ್ಯೇರು.

ಆಗ ನಾನು ಬೆಳಗಾವಿಯ ಒಂದು ಸೆಮಿನರಿಯಲ್ಲಿ ಪಾಸ್ಟರ್ ಆಗಲು ಓದುತ್ತಿದ್ದೆ. ಅಪ್ಪ ಖಾನಾಪುರದ ಚರ್ಚಿನಲ್ಲಿ ಉಪದೇಶಿ. ಪಾಸ್ಟರ್ ಬಾರದ ಭಾನುವಾರ ಪ್ರಸಂಗ ಮಾಡುವವನು, ಬಂದ ಭಾನುವಾರ ಬೆಂಚು ಒರೆಸುವವನು. ತಾನು ಏರಲಾಗದ ಮೆಟ್ಟಿಲನ್ನು ಮಗ ಏರಲಿ ಎಂದು ನನ್ನನ್ನು ಅಲ್ಲಿಗೆ ಕಳಿಸಿದ್ದ. ನಾನೂ ಏರುತ್ತಲೇ ಇದ್ದೆ ಅನ್ನಿ. ಎರಡು ವರ್ಷವೂ ಪ್ರಸಂಗದಲ್ಲಿ ನಾನೇ ಮೊದಲು. "ಇವ ಬಾಯಿ ತಗದ್ರ ಬೆಂಚೂ ಅಳ್ತಾವ್ ನೋಡ್ರಿ" ಎಂದು ನಮ್ಮ ಗುರುಗಳು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಮುದುಕನ ಬಾಯಿಂದ ಅಂಥ ಒಂದು ಮಾತು ಕೇಳಲು ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಮೂರನೆಯ ವರ್ಷ ಗುರುಗಳು ಹೊಸದೊಂದು ಪಾಠ ಶುರು ಮಾಡಿದರು. ಹಾಸಿಗೆ ಹಿಡಿದವರ ಬಳಿ, ಸಾವಾದ ಮನೆಯಲ್ಲಿ ಹೇಗೆ ಕೂಡಬೇಕು, ಏನು ಮಾತಾಡಬೇಕು, ಏನು ಮಾತಾಡಬಾರದು ಎಂಬ ಒಂದು ವರ್ಷದ ತರಬೇತಿ. ಅದಕ್ಕೆ ನಮ್ಮವರಷ್ಟೇ ಅಲ್ಲ, ಬೇರೆ ಧರ್ಮದ ಪೂಜಾರಿ, ಸ್ವಾಮಿ, ಮೌಲ್ವಿ ಯಾರು ಬೇಕಾದರೂ ಬರಬಹುದು ಎಂದರು. ಕಮಿಟಿಯ ಹಿರಿಯರು ಮುಖ ಕಿವುಚಿದಾಗ ಗುರುಗಳು ಒಂದೇ ಮಾತು ಕೇಳಿದ್ದು: "ಸಾವು ಯಾರ ಜಾತಿ ಕೇಳಿ ಬರ್ತೈತ್ರಿ?"

ಹಾಗೆ ಮೂವರು ಬಂದರು. ಮಠದ ಒಬ್ಬ ಮರಿಸ್ವಾಮಿ, ಒಬ್ಬ ಮೌಲ್ವಿ. ಇವರಿಬ್ಬರು ಬೆಳಗಾವಿಯವರೇ, ಪಾಠ ಮುಗಿಸಿ ಮನೆಗೆ ಹೋಗುತ್ತಿದ್ದರು. ಮೂರನೆಯವರು ಸಾಂಬ್ರಾದ ಆಚೆಗಿನ ಒಂದು ಹಳ್ಳಿಯ ಬಸದಿಯಲ್ಲಿ ಪೂಜೆ ಮಾಡುವ ಜೈನ ಉಪಾಧ್ಯೇರು. ಬಿಳಿ ಧೋತರ, ಹೆಗಲ ಮೇಲೊಂದು ಬಿಳಿ ವಸ್ತ್ರ, ನಲವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ. ವಾರದಲ್ಲಿ ಐದು ದಿನ ಸೆಮಿನರಿಯ ಬಾವಿಯ ಪಕ್ಕದ ಕೋಣೆಯಲ್ಲಿ ಇರುತ್ತಿದ್ದರು.

ಮೊದಲ ದಿನ ಎಲ್ಲರೂ ಯಾಕೆ ಬಂದಿರಿ ಎಂದು ಹೇಳಬೇಕಿತ್ತು. ನಾನು ಹತ್ತು ನಿಮಿಷ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಉಪಾಧ್ಯೇರು ಎದ್ದು ನಿಂತು ಇಷ್ಟೇ ಅಂದರು: "ನಮ್ಮೂರಾಗ ಒಬ್ಬಾಕೀದು ಕೂಸು ಹೋತ್ರಿ. ನಾ ಹೋಗಿ ಮಂತ್ರ ಹೇಳಿದೆ. ಆಕಿ ನನ್ನ ಮಾರಿ ನೋಡಿ, ನನಗ್ಯಾಕ ಹಿಂಗಾತ್ರಿ ಅಂತ ಕೇಳಿದ್ಲು. ಮಂತ್ರ ಬಿಟ್ರ ನನಗ ಬ್ಯಾರೆ ಏನೂ ಬರ್ತಿದ್ದಿಲ್ಲ. ಎದ್ದು ಬಂದ್ಬಿಟ್ಟೆ. ಹಂಗ ಎದ್ದು ಬರಬಾರದಿತ್ತು." ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಹತ್ತು ನಿಮಿಷಕ್ಕೆ ಅವರು ಕನ್ನಡಕ ಮುಟ್ಟಿರಲಿಲ್ಲ. ಕಿಚ್ಚು ಹೊತ್ತಿದ್ದು ಅಲ್ಲೇ ಇರಬೇಕು.

ಆಮೇಲೆ ಒಂದೊಂದೇ ಶುರುವಾಯಿತು. ಉಪಾಧ್ಯೇರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೀರು ಸಹ ಕುಡಿಯುವುದಿಲ್ಲ. ಅಡುಗೆ ತಾವೇ ಮಾಡಿಕೊಳ್ಳಬೇಕು. ಅದಕ್ಕಾಗಿ ಸಂಜೆಯ ಪಾಠವನ್ನು ಗುರುಗಳು ಒಂದು ತಾಸು ಮೊದಲೇ ಇಟ್ಟರು. ಮಧ್ಯಾಹ್ನ ಉಂಡ ಕೈ ಒಣಗುವುದರೊಳಗೆ ಪಾಠಕ್ಕೆ ಕೂಡಬೇಕು. ನಮ್ಮ ನಿದ್ದೆ ಹೋಯಿತು, ವಾಲಿಬಾಲ್ ಆಟ ಹೋಯಿತು. ನನಗೆ ಟೈಫಾಯಿಡ್ ಆದಾಗಲೂ ಆ ಸೆಮಿನರಿಯ ಗಂಟೆ ಒಂದು ನಿಮಿಷ ಆಚೆ ಈಚೆ ಆಗಿರಲಿಲ್ಲ!

ಇನ್ನು ನೀರು. ಕೊಳವೆಯ ನೀರು ಅವರಿಗೆ ಆಗದು. ಬಾವಿಯಿಂದ ಸೇದಿ, ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಅದರ ಮೇಲೆ ಸೋಸಿದ ನೀರನ್ನೇ ಹನಿಸಿ, ಅಂಟಿಕೊಂಡಿದ್ದನ್ನೆಲ್ಲ ಒಂದು ಸಣ್ಣ ಗಿಂಡಿಗೆ ಇಳಿಸಿ, ಆ ಗಿಂಡಿಯನ್ನು ಹಗ್ಗದಿಂದ ಬಾವಿಯ ತಳದವರೆಗೆ ಮೆಲ್ಲಗೆ ಬಿಡುತ್ತಿದ್ದರು. ಮೇಲಿನಿಂದ ಸುರಿಯುತ್ತಿರಲಿಲ್ಲ. ನಾವು ಹುಡುಗರು ಕಟ್ಟೆಯ ಮೇಲೆ ಕೂತು ನಗುತ್ತಿದ್ದೆವು.

"ಕಣ್ಣಿಗೆ ಕಾಣದ ಹುಳಾನ ಬಾವಿಗೆ ವಾಪಸ್ ಕಳಸ್ತೀರೇನ್ರಿ ಉಪಾಧ್ಯೇರ?" ಎಂದು ಒಮ್ಮೆ ಕೆಣಕಿದೆ.

"ಹೌದು ತಮ್ಮಾ. ಎಲ್ಲಿಂದ ಬಂದಾವೋ ಅಲ್ಲಿಗೇ ಹೋಗಬೇಕು. ಬ್ಯಾರೆ ನೀರಿಗೆ ಬಿಟ್ರ ಬದುಕೂದಿಲ್ಲ."

ಅವರ ಊರಿನಲ್ಲಿ ಕೆಲವರು, ಪಾದ್ರಿಗಳ ಶಾಲೆಗೆ ಹೋದವ ಕೊರಳಿಗೆ ಶಿಲುಬೆ ಹಾಕಿಕೊಂಡೇ ಬರುತ್ತಾನೆ ಎಂದು ಆಡಿಕೊಂಡರಂತೆ. ನಮ್ಮ ಕಡೆಯ ಹಿರಿಯರೂ ಕಡಿಮೆಯೇನಲ್ಲ. ದೀಕ್ಷಾಸ್ನಾನ ಯಾವಾಗ ಎಂದು ಗುರುಗಳನ್ನು ಗುಟ್ಟಾಗಿ ಕೇಳಿದರು. "ಉಪಾಧ್ಯೇರಾಗಿ ಬಂದಾರ, ಉಪಾಧ್ಯೇರಾಗಿ ಹೋಗ್ತಾರ" ಎಂದು ಗುರುಗಳು ಬಾಯಿ ಮುಚ್ಚಿಸಿದರು. ನಿಜ ಹೇಳಲೇ? ಅವರು ನಮ್ಮವರಾಗಿಬಿಟ್ಟಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನಮ್ಮವರಾಗದೆಯೇ ನಮ್ಮ ಗುರುಗಳ ಮನಸ್ಸನ್ನು ತೆಗೆದುಕೊಂಡುಬಿಟ್ಟರಲ್ಲ, ಅದು ಉರಿ.

ಮಂಗಳವಾರ, ಗುರುವಾರ ನಮ್ಮನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಯಾರಿಗೆ ಯಾವ ವಾರ್ಡು ಎಂಬುದು ಚೀಟಿ ಎತ್ತಿ. ರೋಗಿಯ ಜೊತೆ ಆಡಿದ ಮಾತನ್ನು ಬಂದ ಕೂಡಲೇ, ಹೆಸರು ಬಿಟ್ಟು, ಆಡಿದ್ದು ಆಡಿದ ಹಾಗೆ ನೋಟುಬುಕ್ಕಿನಲ್ಲಿ ಬರೆಯಬೇಕು, ವಾರದ ಕೊನೆಗೆ ಗುರುಗಳ ಮುಂದೆ ಇಡಬೇಕು. ರೋಗಿ ಇದನ್ನು ಯಾರಿಗೂ ಹೇಳಬೇಡ ಎಂದರೆ ಮಾತ್ರ ಬರೆಯುವ ಹಾಗಿಲ್ಲ. ನಾನು ನಾಲ್ಕು ಪುಟ ಬರೆಯುತ್ತಿದ್ದೆ. ಒಮ್ಮೆ ಗುರುಗಳು ನನ್ನ ನಾಲ್ಕು ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: "ಇದರಲ್ಲಿ ರೋಗಿ ಎಲ್ಲಿ?" ಉಪಾಧ್ಯೇರದು ಅರ್ಧ ಪುಟ. ರೋಗಿ ಅಂದ ಎರಡು ಮಾತು, ಕೆಳಗೆ "ಸುಮ್ಮನೆ ಕೂತೆ" ಎಂದು ಒಂದು ಸಾಲು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೀ ಒಂದು ಸರಿ ಗುರುತು. ಕೆಲವೇ ದಿನದಲ್ಲಿ ನಮ್ಮ ಕ್ರೈಸ್ತ ರೋಗಿಗಳೇ ನರ್ಸುಗಳನ್ನು ಕೇಳುವ ಹಾಗಾಯಿತು, "ಆ ಬಿಳಿ ಧೋತರದವ್ರು ಇವತ್ತು ಬರೂದಿಲ್ಲೇನ್ರಿ?" ಎಂದು. ನನ್ನನ್ನು ಯಾರೂ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅಪ್ಪನಿಗೆ ದಮ್ಮು ಹೆಚ್ಚಾಯಿತು. ಖಾನಾಪುರದಿಂದ ಕರೆತಂದು ಅದೇ ಆಸ್ಪತ್ರೆಗೆ ಸೇರಿಸಿದೆವು. ಗಂಡಸರ ವಾರ್ಡು, ಕಿಟಕಿಯ ಪಕ್ಕದ ಮಂಚ. ಆ ವಾರ್ಡಿನ ಚೀಟಿ ಎತ್ತಿದವರು ಉಪಾಧ್ಯೇರು. ಚೀಟಿ ಬದಲಿಸಿಕೊಡಿ ಎಂದು ಗುರುಗಳನ್ನು ಕೇಳಿದೆ.

"ಅಲ್ಲಿ ನೀ ಮಗಾ ಆಗಿ ಹೋಗು. ಪಾಸ್ಟರ್ ಆಗಿ ಹೋಗಬ್ಯಾಡ" ಅಂದರು.

ನಾನು ಪಾಸ್ಟರ್ ಆಗಿಯೇ ಹೋದೆ. ಹೋದಾಗಲೆಲ್ಲ ಸತ್ಯವೇದ ತೆಗೆದು ಗಟ್ಟಿಯಾಗಿ ಓದಿದೆ, ಅಕ್ಕಪಕ್ಕದ ಮಂಚದವರಿಗೂ ಕೇಳುವ ಹಾಗೆ ಪ್ರಾರ್ಥನೆ ಮಾಡಿದೆ. ಅಪ್ಪ "ಆಮೆನ್" ಅಂದು ಗೋಡೆಯ ಕಡೆ ಹೊರಳುತ್ತಿದ್ದ. ದಣಿದಿದ್ದಾನೆ ಎಂದುಕೊಂಡೆ. ಅವನ ಕಾಲು ಒತ್ತಲಿಲ್ಲ. ಊರಲ್ಲಿ ಎಮ್ಮೆ ಈಯ್ದದ್ದನ್ನು ಹೇಳಲಿಲ್ಲ. ಇಪ್ಪತ್ನಾಲ್ಕು ವರ್ಷದ ಮಗ, ಓದಿದ್ದನ್ನೆಲ್ಲ ಅಪ್ಪನ ಮುಂದೆ ಸುರಿದು ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾಯುತ್ತಿದ್ದೆ...

ಒಂದು ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ ಗಂಜಿಯ ಡಬ್ಬಿ ಹಿಡಿದು ಹೋದೆ. ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಉಪಾಧ್ಯೇರು ಅಪ್ಪನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಅಪ್ಪ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ. ಮಾತಾಡುತ್ತಿದ್ದ, ತಡೆದು ತಡೆದು, ಮರಾಠಿಯಲ್ಲಿ. ಮನೆಯಲ್ಲಿ ಅವನದು ಕನ್ನಡ. ಮರಾಠಿ ಅವನು ಪೇಟೆಯಲ್ಲಿ ಆಡುತ್ತಿದ್ದ, ಇಲ್ಲವೇ ತನ್ನ ಅವ್ವನ ಹತ್ತಿರ. ಆ ಅಜ್ಜಿ ಸತ್ತ ಮೇಲೆ ಅವನ ಬಾಯಲ್ಲಿ ಆ ರಾಗದ ಮರಾಠಿಯನ್ನು ನಾನು ಕೇಳಿರಲಿಲ್ಲ. ಅಪ್ಪ ಅಳುತ್ತಿದ್ದ. ನನ್ನ ಜನ್ಮದಲ್ಲಿ ನಾನು ಅವನು ಅತ್ತದ್ದನ್ನು ಕಂಡವನಲ್ಲ. ಬಾಗಿಲಿಗೆ ರಾಗ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಉಪಾಧ್ಯೇರು ತಲೆ ಆಡಿಸುತ್ತಿರಲಿಲ್ಲ, ಬೆನ್ನು ಸವರುತ್ತಿರಲಿಲ್ಲ. ಸುಮ್ಮನೆ ಕೂತಿದ್ದರು. ನಾನು ಒಳಗೆ ಹೋಗಬಹುದಿತ್ತು... ಹೋಗಲಿಲ್ಲ. ಡಬ್ಬಿಯನ್ನು ನರ್ಸಿನ ಕೈಗೆ ಕೊಟ್ಟು ಹೊರಟುಬಂದೆ.

ಮರುದಿನ ಮುಂಜಾನೆ ನಾನು ಚಹಾ ಕುಡಿಯಲು ಕೆಳಗೆ ಇಳಿದಿದ್ದಾಗ ಅಪ್ಪ ಹೋದ.

ಖಾನಾಪುರದ ಚರ್ಚು ತುಂಬಿತ್ತು. ಮಗ ಎರಡು ಮಾತಾಡಬೇಕು ಎಂದರು. ಪ್ರಸಂಗ ಹೇಳಿ ಹೇಳಿ ರೂಢಿಯಾದ ನಾಲಿಗೆ ನೋಡಿ, ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅದಕ್ಕೆ ತಾನಾಗಿಯೇ ಗೊತ್ತು. ಕೊನೆಗೆ ಬಂದಾಗ ಪ್ರಸಂಗಕ್ಕೊಂದು ಮುಕ್ತಾಯ ಬೇಕಾಯಿತು. ಸತ್ತವರ ಕೊನೆಯ ಮಾತಿಗಿಂತ ಒಳ್ಳೆಯ ಮುಕ್ತಾಯ ಯಾವುದಿದೆ? ನಾನು ಅಂದೆ: "ನಮ್ಮಪ್ಪ ಕಡೀಕ ನನ್ನ ಕೈ ಹಿಡಿದು ಒಂದ ಮಾತು ಹೇಳಿದ್ರು. ಹಚ್ಚಿದ ದೀಪ ಆರಾಕ ಬಿಡಬ್ಯಾಡ, ಅಂದ್ರು."

ಬೆಂಚುಗಳು ಅತ್ತವು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಗ ಕಣ್ಣು ಎತ್ತಿ ನೋಡಿದರೆ ಕಡೆಯ ಬೆಂಚಿನ ತುದಿಯಲ್ಲಿ ಬಿಳಿ ಧೋತರ. ಬೆಳಗಾವಿಯಿಂದ ಬಸ್ಸು ಹಿಡಿದು ಬಂದಿದ್ದರು. ಅಪ್ಪ ಯಾರ ಕೈ ಹಿಡಿದಿದ್ದ, ಏನು ಅಂದಿದ್ದ ಎಂದು ಬಲ್ಲ ಒಬ್ಬರೇ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಮಣ್ಣು ಕೊಡುವುದು ಮುಗಿದ ಮೇಲೆ ನನ್ನ ಎರಡೂ ಕೈ ಹಿಡಿದು, "ಮಣ್ಣ ಚಲೋ ಆತು ತಮ್ಮಾ" ಅಂದರು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂದು ವಾರ ಬಿಟ್ಟು ಸೆಮಿನರಿಗೆ ಮರಳಿದೆ. ನೋಟುಬುಕ್ಕು ನೋಡುವ ದಿನ. ಉಪಾಧ್ಯೇರ ಪುಟ ತೆಗೆದ ಗುರುಗಳು ಬಹಳ ಹೊತ್ತು ಅದನ್ನೇ ನೋಡಿ, ನಮ್ಮ ಕಡೆ ತಿರುಗಿಸಿ ತೋರಿಸಿದರು. ಆ ಗುರುವಾರದ ತಾರೀಖು. ಕೆಳಗೆ ಎರಡೇ ಸಾಲು: "ಮುಕ್ಕಾಲು ತಾಸು ಕೂತಿದ್ದೆ. ಮಾತು ಅವರದು." ಉಳಿದ ಪುಟ ಖಾಲಿ.

"ಇದನ್ನ ಕಲೀಲಿಕ್ಕೆ ನನಗ ಅರ್ಧ ಆಯುಷ್ಯ ಬೇಕಾತು" ಅಂದರು ಗುರುಗಳು. ಅವರ ಧ್ವನಿ ನಡುಗುತ್ತಿತ್ತು. ನಾನು ಮೂರು ವರ್ಷ ಕಾದಿದ್ದ ಧ್ವನಿ ಅದು.

ಪಾಠ ಮುಗಿದದ್ದೇ ಬಾವಿಗೆ ಹೋದೆ. ಉಪಾಧ್ಯೇರು ಒಂದು ಕೊಡ ಸೇದಿ ಇಟ್ಟು, ಬಟ್ಟೆಯನ್ನು ಪಾತ್ರೆಯ ಬಾಯಿಗೆ ಹರಡುತ್ತಿದ್ದರು. ಹೊತ್ತು ಕೆಳಗಿಳಿದಿತ್ತು.

"ನಮ್ಮಪ್ಪ ನಿಮಗ ಏನಂದ್ರು?"

"ಕೇಳಬ್ಯಾಡ ತಮ್ಮಾ."

"ನಾ ಅವರ ಮಗಾ ಅದೀನ್ರಿ!"

"ಅದಕ್ಕ ಕೇಳಬ್ಯಾಡ ಅಂದೆ" ಎಂದು ಮೆಲ್ಲಗೆ ಹೇಳಿದರು. "ನಿನಗ ಹೇಳಬೇಕಂತ ಇದ್ದಿದ್ರ ನಿನಗ ಹೇಳ್ತಿದ್ರು."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಹಿತ್ತಲ ಗಿಡ ನಾನು ಎಂದು ಅವತ್ತು ತಿಳಿಯಿತು. ತಲೆ ಕೆಟ್ಟಿತು. "ನಮ್ಮ ಸಾಲಿಗೆ ಬಂದ್ರಿ, ನಮ್ಮ ಗುರುಗಳನ್ನ ತಗೊಂಡ್ರಿ, ಈಗ ನಮ್ಮಪ್ಪನ್ನೂ ತಗೊಂಡ್ರಿ. ಇನ್ನೇನ್ ಉಳದೈತ್ರಿ?" ಎಂದು ಕೂಗಾಡಿ, ಪಾತ್ರೆಯ ಬಾಯಿಗೆ ಹರಡಿದ್ದ ಆ ಬಟ್ಟೆಯನ್ನು ಕಿತ್ತು ಬಾವಿಕಟ್ಟೆಯ ಕೆಸರಿಗೆ ಒಗೆದೆ. ಕಾಲಿನಿಂದ ತುಳಿದೆ ಕೂಡ.

ಅವರು ಮೊದಲು ನೋಡಿದ್ದು ನನ್ನನ್ನಲ್ಲ, ಆಕಾಶವನ್ನು. ಸೂರ್ಯ ಮುಳುಗಲು ಇನ್ನು ಸ್ವಲ್ಪವೇ ಇತ್ತು. ಇದ್ದದ್ದು ಒಂದೇ ಬಟ್ಟೆ. ಅದನ್ನು ಒಗೆದು ಒಣಗಿಸುವುದರೊಳಗೆ ಹೊತ್ತು ಮುಳುಗುತ್ತದೆ. ಸೋಸದ ನೀರು ಅವರು ಮುಟ್ಟುವುದಿಲ್ಲ. ನೀರಿಲ್ಲದೆ ಅಡುಗೆಯೂ ಇಲ್ಲ. ಅದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಮಾಡಿದ್ದೆ. ಅವರು ಬಗ್ಗಿ ಬಟ್ಟೆ ಎತ್ತಿಕೊಂಡರು. ಸೇದಿದ್ದ ಕೊಡಕ್ಕೆ ಹಗ್ಗ ಕಟ್ಟಿ ನೀರನ್ನು ಮೆಲ್ಲಗೆ ಬಾವಿಗೇ ಇಳಿಸಿದರು. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಮರುದಿನ ಪಾಠಕ್ಕೆ ಬಂದಾಗ ಅವರ ತುಟಿ ಒಡೆದಿತ್ತು. ಗುರುಗಳಿಗೆ ಒಂದು ಮಾತೂ ಹೇಳಲಿಲ್ಲ. ನಾನೂ ತಪ್ಪಾಯಿತು ಅನ್ನಲಿಲ್ಲ. ಅವತ್ತು ಅನ್ನದವನು ಆಮೇಲೂ ಅನ್ನಲಿಲ್ಲ... ವರ್ಷದ ಕೊನೆಗೆ ಅವರು ಮೊದಲಿಗರಾಗಿ ಪ್ರಮಾಣಪತ್ರ ತೆಗೆದುಕೊಂಡು, ಗುರುಗಳ ಕಾಲಿಗೆ ನಮಸ್ಕಾರ ಮಾಡಿ ತಮ್ಮ ಬಸದಿಗೆ ಹೋದರು. ನಾನು ಎರಡನೆಯವನು.

ಖಾನಾಪುರದ ಸಭೆಯವರು ಅಪ್ಪನ ಸಮಾಧಿಗೆ ಕಲ್ಲು ನಿಲ್ಲಿಸಿದರು. ಅದರ ಮೇಲೆ ಅಪ್ಪನ ಹೆಸರು, ಕೆಳಗೆ ದೊಡ್ಡ ಅಕ್ಷರದಲ್ಲಿ "ಹಚ್ಚಿದ ದೀಪ ಆರದಿರಲಿ". ಯಾರೇ ಸತ್ತರೂ ಅದರ ಮುಂದೆಯೇ ನಡೆದು ಹೋಗಬೇಕು. ನಾನು ಅದೇ ಸಭೆಗೆ ಪಾಸ್ಟರ್ ಆಗಿ ಬಂದೆ. ಸಾಂಬ್ರಾದ ಕಡೆ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ. ಉಪಾಧ್ಯೇರು ಈಗ ಎಲ್ಲ ಜಾತಿಯವರ ಸಾವಿನ ಮನೆಗೂ ಹೋಗುತ್ತಾರಂತೆ, ಅವರು ಬಂದು ಕೂತರೆ ಮನೆ ತಣ್ಣಗಾಗುತ್ತದಂತೆ ಎಂದು ಯಾರಾದರೂ ಹೇಳಿದರೆ ಮಾತು ಬದಲಿಸುತ್ತಿದ್ದೆ.

ಅವರು ಹೋದ ಸುದ್ದಿ ಬಂದಾಗ ಮೊದಲು ಆದದ್ದು ಸಮಾಧಾನ. ಮುಚ್ಚಿಟ್ಟು ಏನು ಮಾಡಲಿ? ಇನ್ನು ನನ್ನ ಸುಳ್ಳು ಬಲ್ಲವರು ಯಾರೂ ಇಲ್ಲ ಅನ್ನಿಸಿತು. ಅಪ್ಪ ಅವತ್ತು ಏನಂದ ಎಂಬುದನ್ನು ಬಲ್ಲವರೂ ಇನ್ನಿಲ್ಲ ಎಂದು ಹೊಳೆದದ್ದು ಆಮೇಲೆ. ಆಗಲೇ ಅವರ ಊರಿನ ಬಸ್ಸು ಹತ್ತಿದೆ.

ಅವರ ಮಗನೂ ಈಗ ಉಪಾಧ್ಯೆಯೇ. ಖಾನಾಪುರದ ಪಾಸ್ಟರ್ ಎಂದ ಕೂಡಲೇ ಗುರುತು ಹಿಡಿದ. "ಕುಂದರ್ರಿ ಪಾಸ್ಟರ್ ಸಾಹೇಬ್ರ. ಹೊತ್ತು ಮುಳುಗೂಕಿಂತ ಮೊದಲ ನೀರ್ ಕುಡೀರಿ" ಎಂದು ತಂಬಿಗೆ ಕೊಟ್ಟ. ಒಳಗೆ ಹಗ್ಗದ ಮೇಲೆ ಬಿಳಿ ಬಟ್ಟೆ ಒಣಗುತ್ತಿತ್ತು. ತಂಬಿಗೆಯನ್ನು ಹಾಗೇ ಕೆಳಗಿಟ್ಟೆ.

"ನಮ್ಮಪ್ಪ ಸಾವಾದ ಮನಿಗೆ ಹೋದ್ರ ಮಾತಾಡ್ತಿದ್ದಿಲ್ರಿ. ಯಾರರ ಭಾಳ ಕೇಳ್ಕೊಂಡ್ರ ನಿಮ್ಮ ದೀಪದ ಮಾತೊಂದ ಹೇಳಿ ಬರ್ತಿದ್ರು" ಅಂದ.

"ಹೆಂಗಂತ ಹೇಳ್ತಿದ್ರು? ನಮ್ಮಪ್ಪ ಅಂದದ್ದು ಅಂತೇನು?"

"ಇಲ್ರಿ. ಖಾನಾಪುರದಾಗ ಒಬ್ಬ ಮಗಾ ತಂದೀ ಸಲುವಾಗಿ ಅತ್ತು ಈ ಮಾತಂದ, ಅಂತ. ಅವಂದ ಮಾತದು, ಚಲೋ ಮಾತು, ಅಂತಿದ್ರು."

ಇಪ್ಪತ್ತು ವರ್ಷ ಅವರು ಸುಳ್ಳನ್ನೂ ಹೇಳಲಿಲ್ಲ, ನನ್ನನ್ನೂ ಬಿಟ್ಟುಕೊಡಲಿಲ್ಲ. ಅಪ್ಪನ ಮಾತನ್ನು ಅಪ್ಪನಿಗೆ ಬಿಟ್ಟರು, ನನ್ನ ಮಾತನ್ನು ನನಗೆ. ಅಷ್ಟು ಒಳ್ಳೆಯವರಾಗಿ ಇರಬೇಕಿತ್ತೇ ಎಂದು ಬಸ್ಸಿನಲ್ಲಿ ಕೂತು ಮತ್ತೆ ಉರಿದುಕೊಂಡೆ. ಉರಿದುಕೊಂಡೇ ಅತ್ತೆ.

ಹೋದ ವಾರ ಆ ಬಟ್ಟೆ ಕಿತ್ತು ಒಗೆದ ಮೇಲೆ ನಾನೇ ಎತ್ತಿ ತೊಳೆದು ನಲ್ಲಿಗೆ ಕಟ್ಟಿದೆ. ಕೊಡ ತುಂಬಿತು. ಬಟ್ಟೆ ಬಿಚ್ಚಿ ತಿರುವಿದೆ, ಒಂದು ಚರಿಗೆಗೆ ನೀರು ಹನಿಸಿ ಅಂಟಿದ್ದನ್ನು ಇಳಿಸಿದೆ. ಆಮೇಲೆ ಚರಿಗೆ ಹಿಡಿದು ನಿಂತುಬಿಟ್ಟೆ. ನಲ್ಲಿಯ ನೀರು. ಇದರ ಬಾವಿ ಎಲ್ಲಿದೆ? ಎಲ್ಲಿಗೆ ಬಿಡಬೇಕು? ಉಪಾಧ್ಯೇರನ್ನು ಕೇಳಬೇಕಿತ್ತು.

"ಚರಿಗಿ ಹಿಡಕೊಂಡು ಯಾಕ ಗರ ಬಡಿದಂಗ ನಿಂತೀರಿ?" ಹೆಂಡತಿ ಹೊರಗೆ ಬಂದಳು.

"ಅಪ್ಪನ ಕಲ್ಲಿನ ಮ್ಯಾಲಿನ ಮಾತು ಅಪ್ಪಂದಲ್ಲ. ನಂದು" ಅಂದೆ.

ಮುಂದಿನ ಭಾನುವಾರ ಸಭೆಗೂ ಹೇಳುವವನಿದ್ದೇನೆ ಎಂದೆ. ಅವಳು ಕೇಳಿದಳು, "ಮತ್ತ ಮಾಂವಾರು ಖರೇನ ಏನಂದಿದ್ರು?"

"ಮಾತು ಅವರದು" ಅಂದೆ.